ದಡದಲ್ಲೇ ಆಗಬೇಕಾದ ತೀರ್ಮಾನಗಳು

ಹಾಯಿಯಾಗಲಿ ಎಂಜಿನ್ನಾಗಲಿ ಇಲ್ಲದೆ, ಬರೀ ಹುಟ್ಟು ಹಾಕಿಕೊಂಡು ಮಹಾಸಾಗರವನ್ನು ದಾಟುವುದು ಸಾಗರ ರೋಯಿಂಗ್. ಇದರ ಪ್ರಸಿದ್ಧ ಹಾದಿ ಅಟ್ಲಾಂಟಿಕ್‌ನದು: ಸ್ಪೇನಿನ ಕೆನರಿ ದ್ವೀಪಗಳಲ್ಲೊಂದಾದ ಲಾ ಗೊಮೆರಾದಿಂದ ಕೆರಿಬಿಯನ್‌ನ ಆಂಟಿಗುವಾದವರೆಗೆ ಸುಮಾರು 4,800 ಕಿ.ಮೀ. ಚಂಡಮಾರುತದ ಕಾಲ ಕಳೆದ ಮೇಲೆ, ಡಿಸೆಂಬರಿನಲ್ಲಿ ಹೊರಡುವ ದೋಣಿಗಳು ಪೂರ್ವದ ವಾಣಿಜ್ಯ ಮಾರುತಗಳನ್ನು ಬೆನ್ನಿಗಿಟ್ಟುಕೊಂಡು ಸಾಗುತ್ತವೆ. ತಂಡಗಳು ಇದಕ್ಕಾಗಿ ಎರಡು ಮೂರು ವರ್ಷ ಸಿದ್ಧತೆ ನಡೆಸುವುದುಂಟು. ಆದರೆ ಯಾನವನ್ನು ಮೊದಲೇ ಒಮ್ಮೆ ಮಾಡಿ ನೋಡಲು ಬರುವುದಿಲ್ಲ. ಐವತ್ತು ದಿನದ ದಣಿವನ್ನು ಐದು ದಿನದ ಅಭ್ಯಾಸ ತೋರಿಸಿಕೊಡಲಾರದು. ಅಭ್ಯಾಸ ಮಾಡಿ ನೋಡಲಾಗದ ಕೆಲಸಕ್ಕೆ ಸಿದ್ಧರಾಗುವುದೆಂದರೆ ಏನು ಎಂಬುದು ಹಾಗಾಗಿ ಕ್ರೀಡೆಯಷ್ಟಕ್ಕೆ ಮುಗಿಯದ, ತಾತ್ವಿಕ ಪ್ರಶ್ನೆ.

ಸಿದ್ಧತೆಯನ್ನು ಫಲಿತಾಂಶದಿಂದ ಅಳೆಯುವುದು ಸುಲಭ, ಆದರೆ ತಪ್ಪು. 1966ರಲ್ಲಿ ಎರಡು ದೋಣಿಗಳು ಅಮೆರಿಕದ ಕರಾವಳಿಯಿಂದ ಹೊರಟು ಉತ್ತರ ಅಟ್ಲಾಂಟಿಕ್ ದಾಟಲು ಯತ್ನಿಸಿದವು. ಒಂದು, ಪತ್ರಕರ್ತ ಡೇವಿಡ್ ಜಾನ್‌ಸ್ಟೋನ್ ಮತ್ತು ಜಾನ್ ಹೋರ್ ಅವರ 'ಪಫಿನ್'; ಈ ಯಾನಕ್ಕೆಂದೇ ವಿನ್ಯಾಸಕ ಕಾಲಿನ್ ಮೂಡಿ ರೂಪಿಸಿದ ದೋಣಿ. ಇನ್ನೊಂದು, ಬ್ರಿಟಿಷ್ ಪ್ಯಾರಾಚೂಟ್ ದಳದ ಜಾನ್ ರಿಡ್ಜ್‌ವೇ ಮತ್ತು ಚೇ ಬ್ಲೈತ್ ಅವರ 'ಇಂಗ್ಲಿಷ್ ರೋಸ್ 3'. ಮೀನುಗಾರರು ಬಳಸುವ ಮಾದರಿಯ ಸಾದಾ ತೆರೆದ ದೋಣಿ. ಸಾದಾ ದೋಣಿ 92 ದಿನಗಳಲ್ಲಿ ಐರ್ಲೆಂಡಿನ ಅರಾನ್ ದ್ವೀಪ ಮುಟ್ಟಿತು. ಪಫಿನ್ ಮಗುಚಿಬಿದ್ದ ಸ್ಥಿತಿಯಲ್ಲಿ ಸಿಕ್ಕಿತು, ಒಳಗಿದ್ದವರು ಸಿಗಲಿಲ್ಲ. ಇಷ್ಟರಿಂದ ಗೆದ್ದವರ ಸಿದ್ಧತೆ ಸರಿ, ಸೋತವರದು ತಪ್ಪು ಎನ್ನಲಾಗದು. ಕಡಲಿನಲ್ಲಿ ಅದೃಷ್ಟದ ಪಾಲು ದೊಡ್ಡದು. ಒಳ್ಳೆಯ ಸಿದ್ಧತೆಯೂ ಮುಳುಗಬಹುದು, ಅರೆಬರೆ ಸಿದ್ಧತೆಯೂ ದಡ ಸೇರಬಹುದು. ಆದ್ದರಿಂದ ಸಿದ್ಧತೆಯ ಅಳತೆಗೋಲು ಯಾನದ ಕೊನೆಯಲ್ಲಿ ಸಿಗುವಂಥದ್ದಲ್ಲ. ಹೊರಡುವ ಮೊದಲೇ ಕೈಗೆ ಸಿಗಬೇಕು.

ಸಿದ್ಧತೆ ಎಂದೊಡನೆ ಮೊದಲು ಹೊಳೆಯುವುದು ದೇಹಬಲ. ನಾಲ್ವರ ತಂಡದಲ್ಲಿ ಸಾಮಾನ್ಯವಾಗಿ ಎರಡು ಗಂಟೆ ಹುಟ್ಟು, ಎರಡು ಗಂಟೆ ವಿಶ್ರಾಂತಿ ಎಂಬ ಪಾಳಿ ಹಗಲಿರುಳೂ ನಡೆಯುತ್ತದೆ. ಅಂದರೆ ಒಬ್ಬೊಬ್ಬರ ಪಾಲಿಗೆ ದಿನಕ್ಕೆ ಹನ್ನೆರಡು ಗಂಟೆಯ ದುಡಿಮೆ. ಆ ಎರಡು ಗಂಟೆಯ ಬಿಡುವಿನಲ್ಲೇ ಊಟ, ಮೈ ಒರೆಸಿಕೊಳ್ಳುವುದು, ಗಾಯಕ್ಕೆ ಮುಲಾಮು, ನಿದ್ದೆ ಎಲ್ಲ ಮುಗಿಯಬೇಕು. ಇಷ್ಟಾಗಿಯೂ ದೋಣಿಯ ವೇಗ ಮನುಷ್ಯನ ನಡಿಗೆಯನ್ನು ಬಹಳ ಮೀರುವುದಿಲ್ಲ. ಗಾಳಿ ಮತ್ತು ನೀರಿನ ಸೆಳೆತವೇ ಅದರಲ್ಲಿ ದೊಡ್ಡ ಪಾಲು ತುಂಬುತ್ತವೆ. ಹೀಗಿರುವಾಗ ಬಲಿಷ್ಠನಿಗೂ ಸಾಧಾರಣ ದೇಹದವನಿಗೂ ನಡುವಿನ ಅಂತರ ಬೇಗ ಕರಗುತ್ತದೆ. ತಂಡವನ್ನು ಕುಗ್ಗಿಸುವುದು ತೋಳಿನ ದೌರ್ಬಲ್ಯಕ್ಕಿಂತ ಹೆಚ್ಚಾಗಿ ಮೊದಲ ದಿನಗಳ ಕಡಲಕಾಯಿಲೆ, ಉಪ್ಪುನೀರು ತಾಗಿ ಕೂರುವ ಜಾಗದಲ್ಲಿ ಏಳುವ ಹುಣ್ಣು, ಅಂಗೈಯ ಬೊಕ್ಕೆ, ತುಂಡುತುಂಡಾದ ನಿದ್ದೆ. ತೂಕ ಇಳಿಯುವುದು ಖಚಿತವಾದ್ದರಿಂದ ಅನೇಕರು ಹೊರಡುವ ಮೊದಲೇ ಬೇಕೆಂದು ಮೈ ತುಂಬಿಸಿಕೊಳ್ಳುತ್ತಾರೆ. ಆದ್ದರಿಂದ ದೇಹದ ಸಿದ್ಧತೆಯ ಗುರಿ ಬಲಕ್ಕಿಂತ ಬಾಳಿಕೆ.

ಎರಡನೆಯದು ಸಾಮಗ್ರಿ ಮತ್ತು ಕೌಶಲ. ಏಳರಿಂದ ಒಂಬತ್ತು ಮೀಟರ್ ಉದ್ದದ ಈ ದೋಣಿಗಳ ಎರಡೂ ತುದಿಗಳಲ್ಲಿ ನೀರು ನುಗ್ಗದಂತೆ ಮುಚ್ಚಬಲ್ಲ ಪುಟ್ಟ ಕೋಣೆಗಳಿರುತ್ತವೆ. ದೋಣಿ ಮಗುಚಿದರೂ ಆ ಕೋಣೆಗಳಲ್ಲಿ ತುಂಬಿದ ಗಾಳಿ ಅದನ್ನು ಮತ್ತೆ ನೆಟ್ಟಗಾಗಿಸುತ್ತದೆ. ಬಾಗಿಲು ತೆರೆದಿದ್ದರೆ ಆ ಗುಣವೇ ಇಲ್ಲವಾಗುತ್ತದೆ. ಸೌರಫಲಕದ ವಿದ್ಯುತ್ತಿನಿಂದ ಉಪ್ಪುನೀರನ್ನು ಕುಡಿಯುವ ನೀರಾಗಿಸುವ ಯಂತ್ರ ನಡೆಯುತ್ತದೆ. ಎದುರುಗಾಳಿ ಬೀಸಿದಾಗ ಪ್ಯಾರಾಚೂಟ್ ಆಕಾರದ ದೊಡ್ಡ ಬಟ್ಟೆಯನ್ನು ನೀರಿಗಿಳಿಸಿದರೆ ದೋಣಿ ಹಿಂದಕ್ಕೆ ತೇಲುವುದು ತಗ್ಗಿ, ಮೂತಿ ಅಲೆಗೆ ಮುಖವಾಗಿ ನಿಲ್ಲುತ್ತದೆ. ಅಪಾಯದ ಸಂಕೇತವನ್ನು ಉಪಗ್ರಹಕ್ಕೆ ಕಳಿಸುವ ಉಪಕರಣ, ಸುತ್ತಲಿನ ಹಡಗುಗಳನ್ನು ತೋರಿಸುವ ಸಾಧನ, ವೈರ್‌ಲೆಸ್, ಸೊಂಟಕ್ಕೆ ಕಟ್ಟಿಕೊಳ್ಳುವ ಹಗ್ಗ ಇವೂ ಜೊತೆಗಿರುತ್ತವೆ. ಇವೆಲ್ಲವನ್ನೂ ಪುಸ್ತಕ ನೋಡಿ ತಿಳಿಯಬಹುದು. ಆದರೆ ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರಲ್ಲಿ ಪ್ರಕಟವಾದ ತನ್ನ ಕೃತಿಯಲ್ಲಿ ಎರಡು ಬಗೆಯ ಅರಿವನ್ನು ಬೇರ್ಪಡಿಸಿದ್ದ: ಇಂಥದ್ದು ಹೀಗಿದೆ ಎಂದು ತಿಳಿದಿರುವುದು ಒಂದು, ಅದನ್ನು ಮಾಡಲು ಬರುವುದು ಇನ್ನೊಂದು. ನೀರಿನ ಯಂತ್ರದ ಸೋಸುಪಟ್ಟಿ ಬದಲಿಸುವ ಕ್ರಮವನ್ನು ಬಾಯಿಪಾಠ ಹೇಳುವವನಿಗೆ ತೊಯ್ದ ಕೈಯಲ್ಲಿ, ಕತ್ತಲಲ್ಲಿ, ಹೊಯ್ದಾಡುವ ದೋಣಿಯಲ್ಲಿ ಅದನ್ನು ಬದಲಿಸಲು ಬರುತ್ತದೆಂಬ ಖಾತರಿಯಿಲ್ಲ. ಎರಡನೆಯ ಬಗೆಯ ಅರಿವು ನೀರಿನ ಮೇಲೆಯೇ ಬರಬೇಕು.

ಈ ಅರಿವು ಕ್ರೀಡೆಯಾಗಿಯಲ್ಲ, ಬದುಕಾಗಿಯೇ ಬೆಳೆದ ಊರು ಮಂಗಳೂರು. ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ಮರಳದಿಬ್ಬ ಜಾಗ ಬದಲಿಸುತ್ತಿರುತ್ತದೆ. ನದಿಯ ಹರಿವು, ಉಬ್ಬರವಿಳಿತ, ಹೊರಗಿನ ಅಲೆ ಮೂರೂ ಅಲ್ಲಿ ಒಂದಕ್ಕೊಂದು ಎದುರಾಗುತ್ತವೆ. ಅಳಿವೆಯ ಪಕ್ಕದ ಬೆಂಗ್ರೆಯ ಮೀನುಗಾರರಿಗೆ ಅದನ್ನು ದಾಟುವ ಹೊತ್ತು ಯಾವುದೆಂದು ನೋಡಿದೊಡನೆ ತಿಳಿಯುತ್ತದೆ. ನಸುಕಿನಲ್ಲಿ ನೆಲದಿಂದ ಬೀಸುವ ಗಾಳಿಯಲ್ಲಿ ಹೊರಟು, ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುವುದು ಹಾಯಿದೋಣಿಗಳ ಕಾಲದ ಕ್ರಮವಾಗಿತ್ತು. ಈಗ ಲಕ್ಷದ್ವೀಪಕ್ಕೆ ಸೇರಿರುವ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲಾಡಳಿತಕ್ಕೇ ಸೇರಿದ್ದವು. ಅಲ್ಲಿಂದ ತೆಂಗಿನ ನಾರು, ಕೊಬ್ಬರಿ ಹೊತ್ತ ಹಾಯಿದೋಣಿಗಳು ಸುಮಾರು 300 ಕಿ.ಮೀ. ತೆರೆದ ಕಡಲು ದಾಟಿ ಮಂಗಳೂರಿನ ಹಳೆ ಬಂದರಿಗೆ ಬರುತ್ತಿದ್ದವು.

ಕೌಶಲಕ್ಕಿಂತಲೂ ಗಮನಿಸಬೇಕಾದದ್ದು ಈ ಕರಾವಳಿಯ ಮೀನುಗಾರಿಕೆಯ ಒಳಗಿನ ವ್ಯವಸ್ಥೆ. ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು 1970ರ ದಶಕದಲ್ಲಿ ಬರುವ ಮೊದಲು ಕರಾವಳಿಯಲ್ಲಿ ಹಬ್ಬಿದ್ದ ರಂಪಣಿಯಲ್ಲಿ, ದೋಣಿಯಿಂದ ಅರ್ಧವೃತ್ತವಾಗಿ ಬಿಟ್ಟ ದೊಡ್ಡ ಬಲೆಯ ಎರಡು ತುದಿಗಳನ್ನು ಹತ್ತಾರು ಜನ ದಡದಿಂದ ಎಳೆಯುತ್ತಿದ್ದರು. ಬಲೆ ಯಾವಾಗ ಬಿಡಬೇಕು, ಯಾವ ತುದಿಗೆ ಯಾರು, ಮೀನಿನ ಪಾಲು ಹೇಗೆ ಎಂಬುದು ಆಯಾ ದಿನ ಚರ್ಚೆಗೆ ಬರುವ ವಿಷಯವಾಗಿರಲಿಲ್ಲ. ಇಂದಿಗೂ ದಕ್ಕೆಯಿಂದ ಮಂಜುಗಡ್ಡೆ ತುಂಬಿಕೊಂಡು ವಾರ, ಹತ್ತು ದಿನದ ಆಳಸಮುದ್ರ ಮೀನುಗಾರಿಕೆಗೆ ಹೋಗುವ ಬೋಟಿನಲ್ಲಿ, ಅದನ್ನು ನಡೆಸುವ ತಾಂಡೇಲನ ಮಾತು ಕೊನೆಯದು. ತೂಫಾನಿನ ಮುನ್ಸೂಚನೆ ಬಂದಾಗ ಹಿಂದಿರುಗಬೇಕೇ ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಬಹುದು. ತೀರ್ಮಾನ ಯಾರದ್ದು ಎಂಬುದರಲ್ಲಿ ಇರುವುದಿಲ್ಲ. ಆ ಒಪ್ಪಂದವನ್ನು ಯಾರೂ ಬರೆದಿಟ್ಟಿಲ್ಲ. ತಲೆಮಾರುಗಳು ಅದನ್ನು ಬಾಳಿ ಗಟ್ಟಿಮಾಡಿವೆ. ಎಲ್ಲಿಂದಲೋ ಬಂದು ಕೂಡಿದ ನಾಲ್ವರ ರೋಯಿಂಗ್ ತಂಡಕ್ಕೆ ಇಲ್ಲದಿರುವುದು ಇದೇ. ತಲೆಮಾರುಗಳು ಕಟ್ಟಿದ್ದನ್ನು ಅದು ಎರಡು ಮೂರು ವರ್ಷದಲ್ಲಿ, ಬಾಯಿಬಿಟ್ಟು ಮಾತಾಡಿ, ಕಟ್ಟಿಕೊಳ್ಳಬೇಕು.

ಸಿದ್ಧತೆಯ ಮೂರನೆಯ ಹಾಗೂ ಮುಖ್ಯ ಅರ್ಥ ಇಲ್ಲಿದೆ. ಸಿದ್ಧತೆ ಎಂದರೆ ವಿಶ್ರಾಂತ ಮನಸ್ಸು ದಣಿದ ಮನಸ್ಸಿನ ಪರವಾಗಿ ಮುಂಚಿತವಾಗಿ ತೀರ್ಮಾನ ಮಾಡಿಡುವುದು. ನಾರ್ವೆಯ ಚಿಂತಕ ಯೂನ್ ಎಲ್ಸ್ಟರ್ 1979ರ ಕೃತಿಯಲ್ಲಿ ಗ್ರೀಕ್ ಪುರಾಣದ ಯುಲಿಸಿಸ್‌ನನ್ನು ಇದಕ್ಕೆ ನಿದರ್ಶನವಾಗಿಸಿದ. ಮೋಹಿನಿಯರ ಹಾಡು ಕೇಳಿದ ಮೇಲೆ ತನ್ನ ಬುದ್ಧಿ ತನ್ನದಾಗಿರುವುದಿಲ್ಲ ಎಂದು ಮೊದಲೇ ಬಲ್ಲ ನಾವಿಕ, ತನ್ನನ್ನು ಕೂವೆಮರಕ್ಕೆ ಕಟ್ಟಿಹಾಕುವಂತೆ ಸಂಗಡಿಗರಿಗೆ ಹೇಳಿದ. ಸಾಗರ ರೋಯಿಂಗ್‌ನಲ್ಲಿ ಮೋಹಿನಿಯ ಜಾಗದಲ್ಲಿರುವುದು ನಿದ್ದೆ. ಇಪ್ಪತ್ತನೆಯ ರಾತ್ರಿ, ಪಾಳಿಗೆ ಐದು ನಿಮಿಷ ತಡವಾಗಿ ಏಳುವುದು ಅನ್ಯಾಯವೆಂದು ಮಲಗಿದವನಿಗೆ ಅನ್ನಿಸುವುದಿಲ್ಲ. ಹುಟ್ಟು ಹಿಡಿದು ಕಾಯುತ್ತಿರುವವನಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಇಬ್ಬರ ವಾದವನ್ನೂ ಆ ಹೊತ್ತಿನಲ್ಲಿ ತೂಗಿನೋಡುವ ತಕ್ಕಡಿ ದೋಣಿಯಲ್ಲಿ ಇರುವುದಿಲ್ಲ.

ಹಾಗಾಗಿ ದಡದಲ್ಲೇ ತೀರ್ಮಾನವಾಗಬೇಕಾದ ಪ್ರಶ್ನೆಗಳಿವೆ. ಗುರಿ ಗೆಲ್ಲುವುದೋ, ದಾಟುವುದೋ? ಇಬ್ಬರಿಗೆ ಒಂದು, ಇನ್ನಿಬ್ಬರಿಗೆ ಇನ್ನೊಂದು ಗುರಿಯಿದ್ದರೆ ಪ್ರತಿ ಬಿಡುವೂ ಜಗಳವಾಗುತ್ತದೆ. ಕೊನೆಯ ಮಾತು ಯಾರದ್ದು, ಆ ಅಧಿಕಾರದ ಮೇರೆ ಯಾವುದು? ಒಬ್ಬರು ಕಾಯಿಲೆ ಬಿದ್ದರೆ ಅವರ ಪಾಳಿ ಯಾರ ಹೆಗಲಿಗೆ, ಎಷ್ಟು ದಿನ? ಸೊಂಟದ ಹಗ್ಗ ಬಿಚ್ಚಲು ಯಾವ ಸಂದರ್ಭದಲ್ಲಾದರೂ ಅನುಮತಿ ಇದೆಯೇ? ಸಹಾಯಕ್ಕೆ ಕರೆ ಕೊಡಲು ಒಬ್ಬರ ಇಚ್ಛೆ ಸಾಕೇ, ಎಲ್ಲರ ಒಪ್ಪಿಗೆ ಬೇಕೇ? ಕೋಪ ಬಂದಾಗ ಅದನ್ನು ಹೇಳುವ ಬಗೆ ಯಾವುದು? ಇವುಗಳಲ್ಲಿ ಕೊನೆಯದು ಸಣ್ಣದೆನಿಸಬಹುದು. ಆದರೆ ಎದ್ದುಹೋಗಲು ಜಾಗವೇ ಇಲ್ಲದ ಕಡೆ, ಹೇಳದೆ ನುಂಗಿದ ಮಾತು ಸೋರುವ ಬಾಗಿಲಿನಷ್ಟೇ ಅಪಾಯಕಾರಿ.

ಇದಕ್ಕೆ ಒಂದು ಆಕ್ಷೇಪವಿದೆ. ಕಡಲು ಯಾವ ನಿಯಮವನ್ನೂ ಕೇಳುವುದಿಲ್ಲ. ಮುಂಚಿನ ತೀರ್ಮಾನಗಳು ತಂಡವನ್ನು ಬಿಗಿದುಹಾಕುತ್ತವೆ. ಬೇಕಾಗಿರುವುದು ಆಯಾ ಕ್ಷಣಕ್ಕೆ ತಕ್ಕ ಸಮಯಸ್ಫೂರ್ತಿ ಎಂಬುದು ಆ ವಾದ. ಇದರಲ್ಲಿ ಅರ್ಧ ನಿಜವಿದೆ. ಎಂಥ ಅಲೆ ಬರುತ್ತದೆ, ಯಾವ ಭಾಗ ಮುರಿಯುತ್ತದೆ ಎಂದು ಯಾರೂ ಮೊದಲೇ ಬರೆದಿಡಲಾರರು. ಆದರೆ ಸಮಯಸ್ಫೂರ್ತಿಗೆ ಬಿಡುವಾದ ಮನಸ್ಸು ಬೇಕು. ಪಾಳಿ, ಊಟ, ಅಧಿಕಾರ, ಸುರಕ್ಷತೆ ಇವೆಲ್ಲ ಮೊದಲೇ ಇತ್ಯರ್ಥವಾಗಿದ್ದರೆ ಮಾತ್ರ ಮುರಿದ ಭಾಗದ ಬಗ್ಗೆ ಯೋಚಿಸಲು ತಲೆಯಲ್ಲಿ ಜಾಗವಿರುತ್ತದೆ. ಕಡಲು ಏನು ಮಾಡುತ್ತದೆ ಎಂಬುದನ್ನು ನಿಯಮಗಳು ಹೇಳಬೇಕಾಗಿಲ್ಲ; ತಾವು ಪರಸ್ಪರ ಏನು ಮಾಡುವುದಿಲ್ಲ ಎಂಬುದನ್ನು ಹೇಳಿದರೆ ಸಾಕು.

ಇನ್ನೊಂದು ಆಕ್ಷೇಪ ಒಂಟಿ ಯಾನಿಗಳಿಂದ ಬರುತ್ತದೆ. ಬೆಂಗಳೂರಿನಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿರುವ, ಕವಿ ಜಿ. ಎಸ್. ಶಿವರುದ್ರಪ್ಪನವರ ಮೊಮ್ಮಗಳು ಅನನ್ಯಾ ಪ್ರಸಾದ್ 2025ರ ಜನವರಿ ಕೊನೆಯಲ್ಲಿ ಒಬ್ಬರೇ ಅಟ್ಲಾಂಟಿಕ್ ದಾಟಿ ಆಂಟಿಗುವಾ ಸೇರಿದರು. ಹಿಡಿದ ಕಾಲ 52 ದಿನ. ಸಿದ್ಧತೆಗೆ ಹಿಡಿದದ್ದು ಮೂರು ವರ್ಷಕ್ಕೂ ಹೆಚ್ಚು. ಮಾನಸಿಕ ಆರೋಗ್ಯಕ್ಕಾಗಿ ದುಡಿಯುವ ಬ್ರಿಟನ್ನಿನ ಸಂಸ್ಥೆಯೊಂದಕ್ಕೂ ಚಾಮರಾಜನಗರದ ದೀನಬಂಧು ಟ್ರಸ್ಟಿಗೂ ನಿಧಿ ಕೂಡಿಸುವುದು ಅವರ ಉದ್ದೇಶವಾಗಿತ್ತು. ನಡುಗಡಲಲ್ಲಿ ಚುಕ್ಕಾಣಿ ಮುರಿದಾಗ ಅದನ್ನು ಅಲ್ಲೇ ಸರಿಪಡಿಸಿಕೊಂಡು ಮುಂದುವರಿದರು. ಒಬ್ಬರೇ ಇರುವಲ್ಲಿ ಒಪ್ಪಂದ ಯಾರೊಡನೆ ಎಂದು ಕೇಳಬಹುದು. ತನ್ನೊಡನೆಯೇ ಎಂಬುದು ಉತ್ತರ. ದಡದಲ್ಲಿದ್ದ ತಾನು ಮತ್ತು ನಲವತ್ತನೆಯ ದಿನದ ತಾನು ಒಂದೇ ಹೆಸರಿನವರಾದರೂ ಒಂದೇ ಮನಸ್ಸಿನವರಲ್ಲ. ಪಾಳಿ ಕಾಯುವ ಇನ್ನೊಬ್ಬರಿಲ್ಲದ ಕಾರಣ, ಒಂಟಿ ಯಾನಿಗೆ ಮುಂಚಿನ ತೀರ್ಮಾನದ ಅಗತ್ಯ ಹೆಚ್ಚೇ ಹೊರತು ಕಡಿಮೆಯಲ್ಲ. ಮೇಲಾಗಿ ಹವಾಮಾನ ನೋಡಿ ದಾರಿ ಸೂಚಿಸುವ, ಫೋನಿನಲ್ಲಿ ಧೈರ್ಯ ಹೇಳುವ ದಡದ ಬಳಗವೂ ಅಂಥ ಯಾನದ ತಂಡವೇ.

ಕೊನೆಯ ವಿಷಯ ನೀತಿಯದು. ಹೊಟ್ಟೆಪಾಡಿಗಾಗಿ ಕಡಲಿಗಿಳಿಯುವವರ ಊರಿನಲ್ಲಿ, ಬೇಕೆಂದೇ ಅಪಾಯಕ್ಕಿಳಿಯುವ ಸಾಹಸ ಅನವಶ್ಯಕ ಎನ್ನಿಸುವುದು ಸಹಜ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮೀನುಗಾರರೊಡನೆ ಕಣ್ಮರೆಯಾದದ್ದನ್ನು ಕರಾವಳಿ ಮರೆತಿಲ್ಲ. ಅವಶೇಷ ಪತ್ತೆಯಾಗಲು ತಿಂಗಳುಗಳೇ ಬೇಕಾದವು. ಸ್ವಂತ ಜೀವವನ್ನು ಪಣವಿಡುವ ಹಕ್ಕು ಸಾಹಸಿಗೆ ಇದೆ ಎಂದು ಒಪ್ಪಿದರೂ, ಆ ಪಣ ಅವನೊಬ್ಬನದೇ ಆಗಿ ಉಳಿಯುವುದಿಲ್ಲ. ಅಪಾಯದ ಕರೆ ಕೇಳಿದ ಹಡಗು ನೆರವಿಗೆ ಹೋಗಲೇಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. ಸರಕಿನ ಹಡಗು ದಾರಿ ಬದಲಿಸುತ್ತದೆ, ಅದರ ನಾವಿಕರು ದೊಡ್ಡ ಅಲೆಗಳ ನಡುವೆ ಪುಟ್ಟ ದೋಣಿಯ ಪಕ್ಕಕ್ಕೆ ಬರುವ ಅಪಾಯ ಎತ್ತಿಕೊಳ್ಳುತ್ತಾರೆ. ಆದ್ದರಿಂದ ಯಾವಾಗ ಹಿಂದಿರುಗಬೇಕು, ಯಾವಾಗ ಕರೆಯಬೇಕು ಎಂಬ ತೀರ್ಮಾನ ತಂಡದ ಖಾಸಗಿ ವಿಷಯವಲ್ಲ, ಕಾಣದ ಜನರ ಮೇಲಿನ ಹೊಣೆ. ಸಿದ್ಧತೆ ಇಲ್ಲಿ ಜಾಣತನದ ಮಾತಾಗಿ ಉಳಿಯದೆ ಕರ್ತವ್ಯವಾಗುತ್ತದೆ.

ಹಾಗಾದರೆ ಹೊರಡುವ ಮೊದಲೇ ಬಳಸಬಹುದಾದ ಅಳತೆಗೋಲು ಯಾವುದು? ತೋಳಿನ ಸುತ್ತಳತೆ, ಸಾಮಗ್ರಿಯ ಬೆಲೆ, ಅಭ್ಯಾಸದ ಗಂಟೆಗಳು ಬೇಕಾದವೇ ಆದರೂ ಸಾಲವು. ಮೇಲಿನ ಪ್ರಶ್ನೆಗಳನ್ನು ತಂಡದ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ, ಒಬ್ಬರ ಉತ್ತರ ಇನ್ನೊಬ್ಬರಿಗೆ ಕೇಳಿಸದಂತೆ ಕೇಳಬೇಕು. ಉತ್ತರಗಳು ಒಂದೇ ಆಗಿದ್ದರೆ, ಜೊತೆಗೆ ಅವು ತನಗೆ ಅನನುಕೂಲವಾದಾಗಲೂ ಒಪ್ಪುವೆ ಎಂದು ಪ್ರತಿಯೊಬ್ಬರೂ ಹೇಳಬಲ್ಲರಾದರೆ, ತಂಡ ಸಿದ್ಧವಾಗಿದೆ. ಅಂಥ ತಂಡ ದಡ ಸೇರುತ್ತದೆಂಬ ಖಾತರಿ ಇಲ್ಲ. ಉತ್ತರಗಳು ಬೇರೆಬೇರೆಯಾಗಿದ್ದರೆ ದೋಣಿ ಎಷ್ಟೇ ಒಳ್ಳೆಯದಿದ್ದರೂ ಹೊರಡುವ ದಿನವನ್ನು ಮುಂದೂಡುವುದೇ ಸರಿ.