ಸಿಕ್ಕಿದ್ದೆಲ್ಲ ಸಾಕ್ಷಿಯೇ?

ಪುಣೆಗೆ ಬಂದು ಹದಿನಾರು ವರ್ಷವಾಯಿತು. ಊರು ಗದಗ. ಅಣ್ಣ ಅಲ್ಲೇ ಇದ್ದಾನೆ, ಅಮ್ಮನ ಜೊತೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನ ಮಂಡಿ ಆಪರೇಷನ್ನಿನ ಖರ್ಚಿನ ಮಾತು ಬಂತು. ಊಟಕ್ಕೆ ಕೂತಿದ್ದಾಗ ಅಣ್ಣ ಸಹಜವಾಗಿ ಅಂದ: “ಅಪ್ಪನ ಟೈಮಿನ್ಯಾಗ ಹ್ಯಾಂಗ ಇಬ್ರೂ ಸಮ ಹೊತ್ವಿ, ಇದನ್ನೂ ಹಂಗ ಹೊರೂಣು.”

ನನ್ನ ತುತ್ತು ಕೈಯಲ್ಲೇ ಉಳಿಯಿತು. 2012ರಲ್ಲಿ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಬಿಲ್ಲಿನ ಮೂರು ಲಕ್ಷ ಕಟ್ಟಿದವನು ನಾನು. ಅರ್ಧ ಕೊಡುತ್ತೇನೆಂದು ಅಣ್ಣ ಮೇಲ್ ಬರೆದಿದ್ದ. ಆ ದುಡ್ಡು ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ. ಆದರೆ “ಸಮ ಹೊತ್ವಿ” ಅನ್ನುವ ಮಾತನ್ನು ನುಂಗಲಾಗಲಿಲ್ಲ. ಅಮ್ಮನ ಮುಂದೆ ಬಾಯಿ ಬಿಡದೆ ಪುಣೆಗೆ ಮರಳಿದೆ. ಬಂದವನೇ ಆ ಮೇಲ್ ಹುಡುಕಲು ಕೂತೆ.

ಅದೇನು ಸುಲಭವಿರಲಿಲ್ಲ. ಕಾಲೇಜಿನ ಕಾಲದ್ದು, ಮೊದಲ ಕೆಲಸದ್ದು, ಈಗಿನದು ಎಂದು ನನ್ನ ಮೇಲ್‌ಗಳು ನಾಲ್ಕು ಖಾತೆಗಳಲ್ಲಿ ಚದುರಿದ್ದವು. 2004ರಲ್ಲಿ ಜಿಮೇಲ್ ಒಂದು ಗಿಗಾಬೈಟ್ ಜಾಗ ಕೊಟ್ಟಾಗಿನಿಂದ ನಾವ್ಯಾರೂ ಏನನ್ನೂ ಅಳಿಸುವುದಿಲ್ಲವಷ್ಟೆ. ಎಲ್ಲವೂ ಇರುತ್ತದೆ, ಬೇಕಾದದ್ದು ಮಾತ್ರ ಸಿಗುವುದಿಲ್ಲ. ಆಫೀಸಿನಲ್ಲಿ ಪಕ್ಕದವನು ಕಪ್ಪು ಟರ್ಮಿನಲ್ಲಿನಲ್ಲಿ ಮೇಲ್ ಓದುವುದನ್ನು ಬಹಳ ದಿನದಿಂದ ನೋಡುತ್ತಿದ್ದೆ. ಚಿತ್ರವಿಲ್ಲ, ಗುಂಡಿಯಿಲ್ಲ, ಬರೀ ಅಕ್ಷರ. ಅವನ ಸಹಾಯ ಪಡೆದು ನಾನೂ ಅದನ್ನು ಕಟ್ಟಿಕೊಂಡೆ.

ಅದರ ಬಗೆ ಇಷ್ಟೆ. ಎಂಬಿಸಿಂಕ್ ಎಂಬ ಪ್ರೋಗ್ರಾಂ ಎಲ್ಲ ಖಾತೆಗಳ ಮೇಲ್‌ಗಳನ್ನು ನನ್ನ ಲ್ಯಾಪ್‌ಟಾಪಿಗೆ ಇಳಿಸುತ್ತದೆ. ಮೇಲ್‌ಡಿರ್ ಎಂಬ ಪದ್ಧತಿಯಲ್ಲಿ ಒಂದೊಂದು ಮೇಲೂ ಒಂದೊಂದು ಬೇರೆ ಫೈಲಾಗಿ ಕೂರುತ್ತದೆ. ಆಮೇಲೆ ನಾಟ್‌ಮಚ್ ಎಂಬ ಇನ್ನೊಂದು ಪ್ರೋಗ್ರಾಂ ಅವನ್ನೆಲ್ಲ ಓದಿ ಪದಸೂಚಿ ಮಾಡುತ್ತದೆ. ದಪ್ಪ ಪುಸ್ತಕದ ಕೊನೆಗೆ ಯಾವ ಪದ ಯಾವ ಪುಟದಲ್ಲಿದೆ ಎಂದು ಪಟ್ಟಿ ಇರುತ್ತದಲ್ಲ, ಹಾಗೆಯೇ. ಹುಡುಕುವಾಗ ಅದು ಮೇಲ್‌ಗಳನ್ನು ತೆರೆದು ನೋಡುವುದಿಲ್ಲ, ಪಟ್ಟಿಯನ್ನು ಮಾತ್ರ ನೋಡುತ್ತದೆ. ವೇಗದ ಗುಟ್ಟು ಅದು. ಓದಲು ನಿಯೋಮಟ್. ಮೇಲ್ ಇಳಿಯಲು ಒಂದಿಡೀ ರಾತ್ರಿ ಬೇಕಾಯಿತು. ಪಟ್ಟಿ ಮಾತ್ರ ನಾನು ಚಹಾ ಮಾಡಿ ಕುಡಿಯುವಷ್ಟರಲ್ಲಿ ಸಿದ್ಧವಾಯಿತು. ಎಪ್ಪತ್ತೊಂದು ಸಾವಿರ ಮೇಲ್‌ಗಳು. ಇಂಟರ್ನೆಟ್ ಕೂಡ ಬೇಡ. ಘಟ್ಟದಲ್ಲಿ ರೈಲಿಗೆ ಸಿಗ್ನಲ್ ಹೋದರೂ ಹುಡುಕಬಹುದು.

ಅಣ್ಣನ ವಿಳಾಸ ಹಾಕಿ, ‘ಹಾಫ್’ ಎಂಬ ಇಂಗ್ಲಿಷ್ ಪದ ಒತ್ತಿ ಎಂಟರ್ ಹೊಡೆದೆ. ಕಣ್ಣು ಮಿಟುಕಿಸುವ ಮೊದಲೇ ಬಂತು. 2012ರ ಆಗಸ್ಟ್, ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಎರಡು ವರ್ಷದೊಳಗೆ ನನ್ನ ಪಾಲಿನ ಅರ್ಧ ಕೊಡುತ್ತೇನೆ ಎಂದಿತ್ತು.

ಆಗ ನನಗಾದ ಖುಷಿಯನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅಪ್ಪನ ಕಾಯಿಲೆಯ ದಿನಗಳ ಒಂದು ಪತ್ರ ಎದುರಿಗಿತ್ತು. ನನಗೆ ಅಪ್ಪನ ನೆನಪು ಬರಲಿಲ್ಲ. ಬೇಟೆ ಸಿಕ್ಕವನಂತೆ ಕೈ ತಿಕ್ಕಿಕೊಂಡೆ. ಅಣ್ಣನಿಗೆ ಅದನ್ನೇ ಫಾರ್ವರ್ಡ್ ಮಾಡಲು ತೆರೆದೆ. ಮೇಲೆ ಒಂದು ಸಾಲೂ ಬರೆಯಬೇಕಿಲ್ಲ, ಅದೇ ಮಾತಾಡುತ್ತದೆ ಅಂದುಕೊಂಡೆ.

ಕಳಿಸುವ ಮೊದಲು ಇನ್ನೂ ನಾಲ್ಕು ಸಾಕ್ಷಿ ಇರಲಿ ಎಂಬ ದುರಾಸೆ ಹುಟ್ಟಿತು. ‘ಹಣ’ ಎಂದು ಹುಡುಕಿದೆ. ಏನೂ ಬರಲಿಲ್ಲ. ಕಾರಣ ಆಮೇಲೆ ತಿಳಿಯಿತು. ಈ ಪದಸೂಚಿಗೆ ಇಂಗ್ಲಿಷಿನ ವ್ಯಾಕರಣ ಒಂದಷ್ಟು ಗೊತ್ತು. ‘ಪ್ರಾಮಿಸ್’ ಎಂದರೆ ‘ಪ್ರಾಮಿಸ್ಡ್’, ‘ಪ್ರಾಮಿಸಿಂಗ್’ ಎಲ್ಲವನ್ನೂ ತರುತ್ತದೆ, ಮೂರಕ್ಕೂ ಬೇರು ಒಂದೇ ಎಂದು ಅದಕ್ಕೆ ಕಲಿಸಿದ್ದಾರೆ. ಕನ್ನಡದ ವಿಭಕ್ತಿ ಅದಕ್ಕೆ ತಿಳಿಯದು. ಹಣ, ಹಣಕ್ಕೆ, ಹಣದಿಂದ ಅದಕ್ಕೆ ಮೂರು ಬೇರೆ ಬೇರೆ ಪದಗಳು. ಪದದ ಕೊನೆಗೆ ನಕ್ಷತ್ರದ ಗುರುತು ಹಾಕಿದರೆ ಆ ಅಕ್ಷರಗಳಿಂದ ಶುರುವಾಗುವುದೆಲ್ಲ ಬರುತ್ತದೆ. ಹಾಗೆ ಮಾಡಿದರೆ ಹಣದ ಜೊತೆ ಹಣ್ಣು, ಹಣತೆ, ಹಣೆಬರಹ ಎಲ್ಲ ಬಂದವು!

ಇದೂ ಕನ್ನಡ ಲಿಪಿಯಲ್ಲಿ ಬರೆದಿದ್ದರೆ ಮಾತ್ರ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಇನ್ನು ಆ ಕಾಲದಲ್ಲಿ ನಾವು ಬರೆಯುತ್ತಿದ್ದ ಇಂಗ್ಲಿಷ್ ಅಕ್ಷರದ ಕನ್ನಡವಂತೂ ದೇವರಿಗೇ ಪ್ರೀತಿ. ‘ದುಡ್ಡು’ ಎಂಬುದನ್ನು ಅಣ್ಣ ಒಂದೇ ಮೇಲಿನಲ್ಲಿ ಎರಡು ತರಹ ಬರೆದಿದ್ದಾನೆ.

ಕೊನೆಗೆ ಪದಗಳನ್ನು ಬಿಟ್ಟು ತಾರೀಖು ಹಿಡಿದು ಕೇಳಿದೆ. 2012ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಣ್ಣನಿಂದ ಬಂದದ್ದೆಲ್ಲ ಎಂದೆ. ನಲವತ್ತೊಂದು ಮೇಲ್‌ಗಳು ಬಂದವು. ಇಂಗ್ಲಿಷಿನದು ಆ ಒಂದೇ. ಉಳಿದ ನಲವತ್ತೂ ಆಸ್ಪತ್ರೆಯ ಎದುರಿನ ಸೈಬರ್ ಕೆಫೆಯಿಂದ ಬರೆದದ್ದು. ಆಗ ನನಗೆ ರಾತ್ರಿ ಪಾಳಿ, ಫೋನ್ ಎತ್ತುವಂತಿರಲಿಲ್ಲ. ಇವತ್ತು ಅಪ್ಪ ಎರಡು ಚಮಚ ಗಂಜಿ ಕುಡಿದ. ಇವತ್ತು ನನ್ನನ್ನು ನಿನ್ನ ಹೆಸರು ಹಿಡಿದು ಕರೆದ. ನೀನು ಓಡಿ ಬರಬೇಡ, ರಜೆ ಸಿಗಲಿಕ್ಕಿಲ್ಲ, ನಾನಿದ್ದೇನೆ. ಬೆಂಚಿನ ಮೇಲೆ ಮಲಗಿ ಬೆನ್ನು ಹಿಡಿದಿದೆ, ಅಮ್ಮನಿಗೆ ಹೇಳಬೇಡ.

ಅಣ್ಣ ಎಷ್ಟು ರಾತ್ರಿ ಆ ಬೆಂಚಿನ ಮೇಲೆ ಕಳೆದ? ಮೇಲ್‌ಗಳ ಪ್ರಕಾರ ಮೂವತ್ತಕ್ಕೂ ಹೆಚ್ಚು. ನಾನು ಎರಡು ಬಾರಿ ಬಂದು ಹೋಗಿದ್ದೆ. ‘ಸಮ ಹೊತ್ವಿ’ ಎಂದು ಅವನು ಹೇಳಿದ್ದು ಯಾವ ಲೆಕ್ಕದಲ್ಲಿ ಎಂದು ಆಗ ಹೊಳೆಯಿತು.

ನಾವಿಬ್ಬರೂ ದುಡ್ಡಿನ ವ್ಯವಹಾರವನ್ನು ಇಂಗ್ಲಿಷಿನಲ್ಲಿ, ಕಟ್ಟಿದ ಮಾತಿನಲ್ಲಿ ಬರೆದುಕೊಂಡಿದ್ದೆವು. ಅಕ್ಕರೆಯನ್ನು ಮಾತ್ರ ಕನ್ನಡದಲ್ಲಿ, ಕೈಗೆ ಬಂದ ಸ್ಪೆಲ್ಲಿಂಗಿನಲ್ಲಿ ಬರೆದಿದ್ದೆವು. ಊರು ಬಿಟ್ಟವರಲ್ಲಿ ಅನೇಕರು ಹೀಗೆಯೇ ಬರೆದಿರಬೇಕು. ಹಾಗಾಗಿ ಎಷ್ಟೇ ವೇಗದ ಹುಡುಕಾಟವಾದರೂ ನಮ್ಮ ಕರಾರುಗಳನ್ನು ಮೊದಲು ತರುತ್ತದೆ, ಅಕ್ಕರೆಯನ್ನು ತರುವುದೇ ಇಲ್ಲ. ಯಂತ್ರ ಸುಳ್ಳು ಹೇಳಿಲ್ಲ. ನಾನು ಕೇಳಿದ ಪದಕ್ಕೆ ಉತ್ತರ ಕೊಟ್ಟಿತು, ಅಷ್ಟೆ. ಕೇಳಿದ್ದು ‘ಅರ್ಧ’, ಸಿಕ್ಕಿದ್ದೂ ಅರ್ಧ.

ನ್ಯಾಯದರ್ಶನದವರು ಸ್ಮೃತಿಯನ್ನು ಪ್ರಮೆಯೆಂದು ಒಪ್ಪಲಿಲ್ಲ. ನೆನಪು ಹಿಂದಿನ ಅನುಭವವನ್ನು ಮತ್ತೆ ಎದುರಿಗಿಡುತ್ತದೆಯೇ ಹೊರತು ತಾನೇ ಅನುಭವವಲ್ಲ ಎಂಬುದು ಅವರ ವಾದ. ಓದಿದಾಗ ಇದು ಬರೀ ತರ್ಕದ ಕಸರತ್ತು ಅನ್ನಿಸಿತ್ತು. ಅವತ್ತು ಅದು ನನ್ನ ಅಡುಗೆಮನೆಯ ಮೇಜಿನ ಮೇಲೇ ಇತ್ತು. ನೆನಪು ತಪ್ಪಬಹುದು, ಮೇಲ್ ತಪ್ಪುವುದಿಲ್ಲ ಎಂದು ನಂಬಿದ್ದೆ. ಆದರೆ ಮೇಲನ್ನು ಹೆಕ್ಕಿದ್ದು ನನ್ನ ಸಿಟ್ಟು. ಹುಡುಕುವ ಪದವನ್ನು ಆರಿಸುವಾಗಲೇ ತೀರ್ಪು ಬರೆದಾಗಿತ್ತು.

ಹಾಗೆಂದು ಹುಡುಕುವುದೇ ತಪ್ಪು ಎನ್ನಲಾರೆ. ಈ ವರ್ಷ ಕೋಥ್ರೂಡಿನ ಬಾಡಿಗೆ ಮನೆ ಬಿಟ್ಟಾಗ ಮಾಲೀಕರು ಬಣ್ಣದ ಖರ್ಚೆಂದು ಅಡ್ವಾನ್ಸಿನಲ್ಲಿ ನಲವತ್ತು ಸಾವಿರ ಹಿಡಿಯಲು ನೋಡಿದರು. ಬಣ್ಣ ತಮ್ಮ ಲೆಕ್ಕಕ್ಕೆ ಎಂದು ಅವರೇ ಹಿಂದೆ ಬರೆದದ್ದನ್ನು ಅವರ ಬಾಗಿಲಲ್ಲೇ ನಿಂತು ತೋರಿಸಿದೆ. ದುಡ್ಡು ಬಂತು. ನನಗೆ ಕಿಂಚಿತ್ತೂ ನಾಚಿಕೆಯಾಗಲಿಲ್ಲ. ಪರವೂರಿನಲ್ಲಿ, ಪರಭಾಷೆಯಲ್ಲಿ, ನಮ್ಮ ಪರ ಮಾತಾಡುವ ನೆಂಟರಿಲ್ಲದ ಕಡೆ ಬರಹವೇ ನಮ್ಮ ನೆಂಟ. ಬಲವಿದ್ದವರು ಮರೆತಂತೆ ನಟಿಸಿದಾಗ ಬಲವಿಲ್ಲದವರ ಕೈಯಲ್ಲಿ ದಾಖಲೆ ಇರಲೇಬೇಕು.

ಹಾಗಾದರೆ ಮಾಲೀಕರಿಗೂ ಅಣ್ಣನಿಗೂ ಏನು ವ್ಯತ್ಯಾಸ? ಮಾಲೀಕರ ಜೊತೆಗಿನ ನನ್ನ ಸಂಬಂಧವೆಲ್ಲ ಬರಹದೊಳಗೇ ಇತ್ತು. ಅದನ್ನು ತೋರಿಸಿದರೆ ಪೂರ್ತಿ ತೋರಿಸಿದ ಹಾಗೆ. ಅಣ್ಣನ ಜೊತೆಗಿನದು ಬಹುಪಾಲು ಬರಹದ ಆಚೆಗಿದೆ. ಅದರಲ್ಲಿ ನಾಲ್ಕು ಸಾಲನ್ನು ಕತ್ತರಿಸಿ ಹಿಡಿದರೆ ಆ ಸಾಲು ನಿಜವಿದ್ದೂ ನಾನು ಹೇಳಿದ್ದು ಸುಳ್ಳಾಗುತ್ತದೆ.

ಆ ರಾತ್ರಿ ಫಾರ್ವರ್ಡ್ ಮಾಡಲಿಲ್ಲ. ಆದರೆ ಮನಸ್ಸಿನಲ್ಲಿ ಇಟ್ಟುಕೊಂಡೂ ಇರಲಾಗಲಿಲ್ಲ. ಮೂರು ದಿನ ಬಿಟ್ಟು ಫೋನ್ ಮಾಡಿದೆ. ಮೊದಲು ಗಂಜಿಯ ಮೇಲುಗಳನ್ನು ಓದಿ ಹೇಳಿದೆ, ಆಮೇಲೆ ಅರ್ಧದ್ದನ್ನು. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. “ಹೌದಲ್ಲೋ ತಮ್ಮಾ, ಬರದಿದ್ದೆ. ಮರ್ತ ಬಿಟ್ಟಿದ್ದೆ” ಅಂದ. ಮತ್ತೆ, “ನೀ ಇಷ್ಟು ದಿನಾ ಇಟಗೊಂಡಿದ್ದೇನು?” ಅಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ದುಡ್ಡು ಬೇಡ ಎಂದು ದೊಡ್ಡ ಮನಸ್ಸು ತೋರಿಸಲೂ ಇಲ್ಲ. ಅಮ್ಮನ ಆಪರೇಷನ್ನಿಗೆ ಅದನ್ನು ಹಾಕು ಎಂದೆ. ಹಾಕಿದ.

ನಾಟ್‌ಮಚ್ ಮೇಲನ್ನು ತಾನಾಗಿ ಎಂದೂ ಅಳಿಸುವುದಿಲ್ಲ. ಬೇಡವಾದದ್ದಕ್ಕೆ ಒಂದು ಗುರುತು ಹಚ್ಚಿ, ಆ ಗುರುತಿದ್ದದ್ದನ್ನು ಹುಡುಕಾಟದಲ್ಲಿ ತೋರಿಸಬೇಡ ಎಂದು ಹೇಳಿಟ್ಟರೆ ತೋರಿಸುವುದಿಲ್ಲ. ಫೈಲು ಇದ್ದಲ್ಲೇ ಇರುತ್ತದೆ. ಗುರುತಿನ ಹೆಸರು ಹಿಡಿದು ಕರೆದರೆ ಮಾತ್ರ ಬರುತ್ತದೆ. ಕ್ಷಮಿಸುವುದೆಂದರೆ ಮರೆಯುವುದು ಎಂದು ತಿಳಿದಿದ್ದೆ, ಅದಕ್ಕೇ ಅದು ನನ್ನಿಂದ ಆಗದು ಅಂದುಕೊಂಡಿದ್ದೆ. ಇದು ನನ್ನಂಥವನಿಂದಲೂ ಆಗುವಂಥದ್ದು. ಅಣ್ಣನ ಆ ಇಂಗ್ಲಿಷ್ ಮೇಲಿಗೆ ‘ಮುಗಿದದ್ದು’ ಎಂದು ಗುರುತು ಹಚ್ಚಿದೆ.

ಉಳಿದ ನಲವತ್ತನ್ನು ಹಾಗೇ ಬಿಟ್ಟಿಲ್ಲ. ದಿನಕ್ಕೊಂದರಂತೆ ತೆರೆದು ಅವಕ್ಕೆ ಕನ್ನಡ ಅಕ್ಷರದಲ್ಲಿ ಒಂದೊಂದು ಗುರುತು ಕೊಡುತ್ತಿದ್ದೇನೆ. ಗಂಜಿ, ಬೆಂಚು, ನಾನಿದ್ದೇನೆ. ಮುಂದಿನ ಸಲ ಸಿಟ್ಟಿನಿಂದ ಹುಡುಕಲು ಕೂತಾಗ ಇವೂ ಸಿಗಲಿ ಎಂದು. ಇನ್ನೂ ಇಪ್ಪತ್ತೆರಡು ಬಾಕಿ ಇವೆ.