ಕೆರೆ ಯಾರದು?

ಅಲ್ಲಮಪ್ರಭು ಸೊನ್ನಲಿಗೆಗೆ ಬಂದ ಪ್ರಸಂಗ ಶೂನ್ಯಸಂಪಾದನೆಯನ್ನು ಓದಿದವರಿಗೆ, ಪುರಾಣ ಕೇಳಿದವರಿಗೆ ಗೊತ್ತೇ ಇದೆ. ಸಿದ್ಧರಾಮ ಕೆರೆ ತೋಡಿಸುತ್ತಿದ್ದಾನೆ, ಗುಡಿ ಕಟ್ಟಿಸುತ್ತಿದ್ದಾನೆ; ಊರಿಗೆ ಊರೇ ಮಣ್ಣು ಹೊರುತ್ತಿದೆ. ಬಂದ ಪ್ರಭು ಅವನನ್ನು ಒಡ್ಡನೆಂದು ಕರೆದು ವಿಚಾರಿಸುತ್ತಾನೆ. ಕೆಲಸದವರು ಸಿಟ್ಟಿಗೆದ್ದು ಕಲ್ಲು ತೂರುತ್ತಾರೆ. ಕೊನೆಗೆ ಸಿದ್ಧರಾಮನಿಗೆ ಅರಿವು ಮೂಡುತ್ತದೆ, ಅವನು ಕಲ್ಯಾಣಕ್ಕೆ ಹೊರಡುತ್ತಾನೆ. (ಮಣ್ಣು ಅಗೆಯುವವರ ಹೆಸರು ಬೈಗುಳಾಗುವುದು ಹೇಗೆ ಎಂಬ ಪ್ರಶ್ನೆ ಬೇರೆಯೇ ಇದೆ, ಅದನ್ನು ಇಲ್ಲಿ ಎತ್ತುವುದಿಲ್ಲ.)

ಕರ್ಮಕ್ಕಿಂತ ಜ್ಞಾನ ದೊಡ್ಡದು ಎಂದು ಈ ಕಥೆಗೆ ಅರ್ಥ ಹೇಳುವುದು ವಾಡಿಕೆ. ಸೊಲ್ಲಾಪುರದಲ್ಲಿ ನಿಂತು ಈ ಮಾತನ್ನು ಒಪ್ಪುವುದು ಸ್ವಲ್ಪ ಕಷ್ಟ. ಏಕೆಂದರೆ ಆ ಕೆರೆ ಇನ್ನೂ ಊರ ನಡುವೆ ಕೋಟೆಯ ಮಗ್ಗುಲಲ್ಲೇ ಇದೆ. ನೀರಿನ ನಡುವೆ ಸಿದ್ಧೇಶ್ವರನ ಗುಡಿ ಇದೆ. ಸಂಕ್ರಾಂತಿಯ ಜಾತ್ರೆಗೆ ಮರಾಠಿ, ಕನ್ನಡ, ತೆಲುಗು, ಉರ್ದು ಆಡುವ ಜನರೆಲ್ಲ ಸೇರುತ್ತಾರೆ. ಸಿದ್ಧರಾಮ ಕಲ್ಯಾಣಕ್ಕೆ ಹೋದ ಮರುದಿನ ಆ ಕೆರೆಯ ಹೂಳು ಎತ್ತಿದವರು ಯಾರು? ಕಥೆ ಅದನ್ನು ಹೇಳುವುದಿಲ್ಲ. ಯಾರೋ ಎತ್ತಿರಲೇಬೇಕು. 'ನನ್ನದು' ಎಂಬುದನ್ನು ಬಿಡು ಎಂದು ಪ್ರಭು ಹೇಳಿದ್ದು ಸರಿ. ಆದರೆ ಯಾರೂ ತನ್ನದು ಎನ್ನದ ಕೆರೆ ಎಷ್ಟು ವರ್ಷ ಉಳಿದೀತು?

ಲೋಕೋಪಕಾರದ ಎಲ್ಲ ಕೆಲಸಗಳಲ್ಲೂ ಈ ತೊಡಕಿದೆ. ಗಡಿಯಾಚೆ ಉಳಿದ ಕನ್ನಡಿಗರಲ್ಲಿ ಇದು ಇನ್ನಷ್ಟು ಬಿಗಿಯಾಗಿದೆ. ಕಾಸರಗೋಡಿನ ಓದುಗರಿಗೆ ಸೊಲ್ಲಾಪುರ ಸೀಮೆ ದೂರವೆನಿಸಬಹುದು. ಆದರೆ ಮಹಾಜನ್ ಆಯೋಗ 1967ರಲ್ಲಿ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದ್ದರಲ್ಲಿ ಚಂದ್ರಗಿರಿಯ ಉತ್ತರದ ನಾಡೂ ಇತ್ತು, ಅಕ್ಕಲಕೋಟೆಯೂ ಇತ್ತು. ಎರಡೂ ಸೇರಲಿಲ್ಲ. ಅಂದಿನಿಂದ ಎರಡೂ ಕಡೆಯವರು ಶಾಲೆ, ಸಂಘ, ವಾಚನಾಲಯಗಳನ್ನು ಹಿಡಿದುಕೊಂಡೇ ಭಾಷೆ ಉಳಿಸಿಕೊಂಡು ಬಂದಿದ್ದೇವೆ.

ಅಕ್ಕಲಕೋಟೆ 1948ರವರೆಗೆ ಒಂದು ಪುಟ್ಟ ಸಂಸ್ಥಾನ. ಭೋಸಲೆ ಮನೆತನದ ಆಳ್ವಿಕೆ. ದರ್ಬಾರಿನಲ್ಲಿ ಮರಾಠಿ, ಮೈಂದರ್ಗಿ, ದುಧನಿ, ನಾಗಣಸೂರಿನಂಥ ಊರುಗಳಲ್ಲಿ ಕನ್ನಡ. ಸಂಸ್ಥಾನದ ಕಾಲದಲ್ಲಿ ದಾನವೆಂದರೆ ದೊರೆಯ ಮರ್ಜಿ. ಕೊಟ್ಟರೆ ಕೈಮುಗಿಯಬೇಕು, ಕೊಡದಿದ್ದರೆ ಸುಮ್ಮನಿರಬೇಕು. ಸಂಸ್ಥಾನ ಹೋಯಿತು, ಸಂಸ್ಥೆಗಳು ಬಂದವು. ಒಂದಕ್ಷರ ಕಳೆಯಿತು ನಿಜ. ಮರ್ಜಿ ಎಷ್ಟು ಕಳೆದಿದೆ ಎಂಬುದೇ ನನ್ನ ಸಂದೇಹ.

ಅಕ್ಕಲಕೋಟೆ ಇಂದು ಹೆಸರಾಗಿರುವುದು 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರಿಂದ. ಅಲ್ಲಿಯ ಅನ್ನಛತ್ರ ಮಂಡಳ 1988ರಲ್ಲಿ ಹುಟ್ಟಿತು. ದಿನಕ್ಕೆ ಎರಡು ಹೊತ್ತು ಬಂದವರಿಗೆಲ್ಲ ಊಟ. ಪಂಕ್ತಿಯಲ್ಲಿ ಕುಳಿತವನಿಗೆ ಯಾವ ಊರು, ಯಾವ ಭಾಷೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ದಾಸೋಹದ ಮಾತೂ ಇದೇ: ನೀಡುವವನು ದಾಸ, ಉಣ್ಣುವವನು ಒಡೆಯ. ಅನ್ನದಾನದಲ್ಲಿ ಒಂದು ಸುಖವಿದೆ. ಉಂಡು ಕೈತೊಳೆದರೆ ಲೆಕ್ಕ ಮುಗಿಯಿತು. ಕೊಟ್ಟವನ ಹಂಗು ಉಂಡವನ ಬೆನ್ನು ಹತ್ತುವುದಿಲ್ಲ. ಅದಕ್ಕೇ ನಮ್ಮ ಜನ ಅನ್ನಕ್ಕೆ ಧಾರಾಳವಾಗಿ ಕೊಡುತ್ತಾರೆ, ಶಿಕ್ಷಕರ ಪಗಾರಕ್ಕೆ ಕೈ ಹಿಡಿಯುತ್ತಾರೆ.

ಶಾಲೆಯ ಋಣ ಹಾಗಲ್ಲ. ಮಗು ಹತ್ತು ವರ್ಷ ಅಲ್ಲಿರಬೇಕು. ಆ ಹತ್ತು ವರ್ಷ ತಂದೆತಾಯಿ ಸಂಸ್ಥೆಯವರ ಮುಖ ನೋಡುತ್ತಲೇ ಇರಬೇಕು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಅವು ಸಾಲದಲ್ಲಿ, ಮುಖ್ಯವಾಗಿ ಹೈಸ್ಕೂಲಿನ ಮಟ್ಟದಲ್ಲಿ, ಸಂಸ್ಥೆಗಳೇ ಗತಿ. ಇಂಥ ಸಂಸ್ಥೆ ಕಟ್ಟಿದವರ ಹಟ ಸಣ್ಣದಲ್ಲ. 'ಇದು ನನ್ನ ಶಾಲೆ, ಮುಚ್ಚಲು ಬಿಡುವುದಿಲ್ಲ' ಎನ್ನುವವನೊಬ್ಬ ಇಲ್ಲದಿದ್ದರೆ ಎಷ್ಟೋ ಬಾಗಿಲು ಎಂದೋ ಮುಚ್ಚುತ್ತಿದ್ದವು. ಸೊಲ್ಲಾಪುರದಲ್ಲಿ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತ ಜಯದೇವಿತಾಯಿ ಲಿಗಾಡೆಯವರು ಕನ್ನಡದಲ್ಲಿ ಸಿದ್ಧರಾಮೇಶ್ವರ ಪುರಾಣ ಬರೆದದ್ದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದದ್ದು ಇಂಥದೇ ಹಟದಿಂದ. ಆದ್ದರಿಂದ 'ನನ್ನದು' ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಹಾಕಲಾರೆ.

ತೊಂದರೆ ಶುರುವಾಗುವುದು ಎರಡನೆಯ ತಲೆಮಾರಿನಲ್ಲಿ. ತಂದೆ ಕಾರ್ಯದರ್ಶಿಯಾಗಿದ್ದಲ್ಲಿ ಮಗ ಬರುತ್ತಾನೆ. ಹಟ ಬರುವುದಿಲ್ಲ, ಕುರ್ಚಿ ಬರುತ್ತದೆ. ಶಿಕ್ಷಕರ ನೇಮಕ ಹೇಗಾಯಿತು, ಕಟ್ಟಡದ ನಿಧಿ ಎಲ್ಲಿಗೆ ಬಂತು ಎಂದು ಯಾರಾದರೂ ಕೇಳಿದರೆ ಹಿರಿಯರು ತಡೆಯುತ್ತಾರೆ: ಉಪಕಾರ ಮಾಡಿದವರ ಮನೆಯವರಿಗೆ ಲೆಕ್ಕ ಕೇಳುವುದೇನಪ್ಪಾ? ಅದರ ಹಿಂದೆ ಇನ್ನೊಂದು ಅಂಜಿಕೆ ಇದೆ. ನಾವು ನಾವೇ ಜಗಳಾಡಿದರೆ ಇದ್ದೊಂದು ಕನ್ನಡ ಶಾಲೆಯೂ ಹೋದೀತು. ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಈ ಅಂಜಿಕೆಯಂಥ ಕಾವಲುಗಾರ ಬೇರೆ ಇಲ್ಲ. ಸಂವಿಧಾನದ 30ನೆಯ ವಿಧಿ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕು ಅಲ್ಪಸಂಖ್ಯಾತರದು. ಆಡಳಿತ ಮಂಡಳಿ ಅದನ್ನು ಅವರ ಪರವಾಗಿ ಹಿಡಿದುಕೊಂಡಿದೆ, ಅಷ್ಟೇ. ಸರಕಾರ ಕೈಹಾಕದಂತೆ ಕಟ್ಟಿದ ಗೋಡೆಯ ಮರೆಯಲ್ಲಿ ನಮ್ಮವರನ್ನೇ ಹೊರಗಿಟ್ಟರೆ, ಗೋಡೆ ಯಾರಿಗಾಗಿ?

ಕಾಯ್ದೆ ಏನೆನ್ನುತ್ತದೆ ಎಂದು ನೋಡಬೇಕು, ಅದರಲ್ಲೊಂದು ವಿಚಿತ್ರವಿದೆ. ಸೊಲ್ಲಾಪುರ ಸೀಮೆಯ ಸಂಸ್ಥೆಗಳೆಲ್ಲ 1950ರ ಮುಂಬಯಿ ಸಾರ್ವಜನಿಕ ವಿಶ್ವಸ್ತ ಕಾಯ್ದೆಗೆ ಒಳಪಟ್ಟವು. ಈಗ ಅದಕ್ಕೆ ಮಹಾರಾಷ್ಟ್ರದ ಹೆಸರು. ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ನೋಂದಣಿ ಆಗಬೇಕು, ಪ್ರತಿವರ್ಷ ಲೆಕ್ಕ ತಪಾಸಣೆ ಆಗಬೇಕು, ವಿಶ್ವಸ್ತರು ಬದಲಾದರೆ ವರದಿ ಕೊಡಬೇಕು, ಸ್ಥಿರಾಸ್ತಿ ಮಾರಬೇಕಾದರೆ ಅನುಮತಿ ಬೇಕು. ಈ ವಿಶ್ವಸ್ತ ನಿಧಿಗಳ ವಿಷಯದಲ್ಲಿ 'ಹಿತಾಸಕ್ತಿ ಉಳ್ಳವರು' ಯಾರು ಎಂದು ಕಾಯ್ದೆ ವಿವರಿಸುತ್ತದೆ. ದೇವಸ್ಥಾನವಾದರೆ, ಪೂಜೆಗೆ ಬರುವ ರೂಢಿ ಇದ್ದವನೂ, ಅಲ್ಲಿ ಹಂಚುವುದರಲ್ಲಿ ಪಾಲು ಪಡೆಯುವ ರೂಢಿ ಇದ್ದವನೂ ಹಿತಾಸಕ್ತಿ ಉಳ್ಳವನೇ. ಪ್ರಸಾದ ಉಂಡವನಿಗೂ ಬಾಯಿ ಇದೆ! ಆದರೆ 1860ರ ಸಂಘ ನೋಂದಣಿ ಕಾಯ್ದೆಯ ಕೆಳಗೆ ನೋಂದಾಯಿಸಿದ ಸಂಘವಾದರೆ ಅದು ಹೆಸರಿಸುವುದು ಸಂಘದ ಸದಸ್ಯನನ್ನು. ಶಾಲೆ ನಡೆಸುವ ಶಿಕ್ಷಣ ಸಂಸ್ಥೆಗಳು ಸಾಮಾನ್ಯವಾಗಿ ಇಂಥ ಸಂಘಗಳು. ಅಂದರೆ ಒಂದು ಹೊತ್ತು ಉಂಡವನಿಗೆ ಇರುವ ಸ್ಥಾನ, ಹತ್ತು ವರ್ಷ ಮಗುವನ್ನು ಒಪ್ಪಿಸಿದ ತಾಯಿಗೆ ಆ ಸಾಲಿನಲ್ಲಿ ಸಿಗುವುದಿಲ್ಲ. ಋಣ ಎಲ್ಲಿ ಬೇಗ ತೀರುತ್ತದೋ ಅಲ್ಲಿ ಹಕ್ಕು. ಎಲ್ಲಿ ಬಹುಕಾಲ ಉಳಿಯುತ್ತದೋ ಅಲ್ಲಿ ಮೌನ.

ಕಾಸರಗೋಡಿನ ಸಂಘಗಳೂ ಅದೇ 1860ರ ಕಾಯ್ದೆಯ ಕೂಸುಗಳು. ಕೇರಳದ ತೆಂಕಣ ಭಾಗಕ್ಕೆ 1955ರ ತಿರುವಿದಾಂಕೂರು-ಕೊಚ್ಚಿ ಕಾಯ್ದೆ ಬೇರೆಯಿದೆ. ಅಲ್ಲಿಯ ಅನುದಾನಿತ ಶಾಲೆಗಳಲ್ಲಿ ಸಂಬಳ ಸರಕಾರದ್ದು, ನೇಮಕ ಮೇನೇಜರರದ್ದು. ಅಲ್ಲಿಯ ಪಾಲಕರು ಈ ಮಾತನ್ನು ನನಗಿಂತ ಚೆನ್ನಾಗಿ ಬಲ್ಲರು.

ಇನ್ನು ಲೆಕ್ಕದ ಭಾಷೆ. ಸೊಲ್ಲಾಪುರದ ಕನ್ನಡ ಸಂಸ್ಥೆಯ ಜಮಾಖರ್ಚು, ಬದಲಾವಣೆಯ ವರದಿ ಎಲ್ಲವೂ ಸಾಮಾನ್ಯವಾಗಿ ಮರಾಠಿಯಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತದೆ. ಕಚೇರಿಗೆ ಅದು ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಕನ್ನಡ ಉಳಿಸಲೆಂದು ಹುಟ್ಟಿದ ಸಂಸ್ಥೆ ತನ್ನ ಲೆಕ್ಕವನ್ನು ಕನ್ನಡದಲ್ಲಿ ಒಮ್ಮೆಯೂ ಓದಿ ಹೇಳದಿದ್ದರೆ, ಅದು ಉಳಿಸುವ ಕನ್ನಡ ಯಾವುದು? ಸನ್ಮಾನದ ಶಾಲಿನದೇ? ರಾಜ್ಯೋತ್ಸವದ ಭಾಷಣ ಕನ್ನಡದಲ್ಲಿರುತ್ತದೆ, ರೂಪಾಯಿ ಮಾತ್ರ ಬೇರೆ ಭಾಷೆಯಲ್ಲಿ ಮಾತಾಡುತ್ತದೆ.

ಮತ್ತೆ ಆ ಕಲ್ಲು ತೂರಿದವರ ಬಗ್ಗೆ ಯೋಚಿಸುತ್ತೇನೆ. ಪ್ರವಚನಗಳಲ್ಲಿ ಅವರು ತಿಳಿಯದ ಜನ. ಪ್ರಭುವಿನ ಮಹಿಮೆ ತೋರಿಸಲು ಬಂದ ಪಾತ್ರಗಳು. ಕಲ್ಲು ತೂರಿದ್ದು ತಪ್ಪೇ. ಆದರೂ ಸಿದ್ಧರಾಮನನ್ನು ಅಂದದ್ದು ಅವರಿಗೇಕೆ ನೋಯಬೇಕಿತ್ತು? ಮಣ್ಣು ಹೊತ್ತವರು ತಾವು. ಕೆರೆ ತಮ್ಮದೆಂದು ಅವರಿಗೆ ಅನ್ನಿಸಿತ್ತು. ಪ್ರಭು ಸಿದ್ಧರಾಮನ 'ನನ್ನದು' ಎಂಬುದನ್ನು ಕಿತ್ತ. ಇವರ 'ನಮ್ಮದು' ಎಂಬುದನ್ನು ಅವನು ಮುಟ್ಟಿದಂತೆ ನನಗೆ ತೋರುವುದಿಲ್ಲ. ಸಿದ್ಧರಾಮ ಕಲ್ಯಾಣಕ್ಕೆ ಹೋಗಲು ಸಾಧ್ಯವಾದದ್ದು, ಹಿಂದೆ ಇವರು ಇದ್ದುದರಿಂದಲೇ ಇರಬೇಕು.

ನಮ್ಮ ಸಂಸ್ಥೆಗಳಲ್ಲಿ ಆ 'ನಮ್ಮದು' ಹುಟ್ಟಬೇಕಾದರೆ ಸದಸ್ಯರ ಪಟ್ಟಿ ತೆರೆಯಬೇಕು. ಸ್ಥಾಪಕರು ಬರೆಸಿದ ಹತ್ತು ಹದಿನೈದು ಹೆಸರು, ಆಮೇಲೆ ಅವರ ಮಕ್ಕಳ ಹೆಸರು, ಇಷ್ಟಕ್ಕೇ ಪಟ್ಟಿ ನಿಂತಿರುವ ಕಡೆ ಯಾವ ಕಾಯ್ದೆಯೂ ಪಾಲಕನ ಕೈ ಹಿಡಿಯುವುದಿಲ್ಲ. ಸದಸ್ಯರು ಹೆಚ್ಚಿದರೆ ರಾಜಕಾರಣ ಹೊಕ್ಕೀತು ಎನ್ನುತ್ತಾರೆ. ಹೊಗಬಹುದು. ಹತ್ತು ಜನರಲ್ಲಿ ಅದು ಇಲ್ಲವೆಂದು ಯಾರು ಹೇಳಿದರು? ಜೂನಿನಲ್ಲಿ ಮಗುವಿನ ಹೆಸರು ಹಚ್ಚಲು ಬಂದ ತಾಯಿಗೆ ಪ್ರವೇಶದ ಅರ್ಜಿಯ ಜೊತೆ ಸದಸ್ಯತ್ವದ ಅರ್ಜಿಯನ್ನೂ ಕೊಡಬಹುದು; ವರ್ಗಣಿ ಆಕೆಯ ಕೈಗೆಟಕುವಷ್ಟಿರಲಿ. ಎರಡೂ ಅರ್ಜಿ ಕನ್ನಡದಲ್ಲಿರಲಿ.