ದುಬಾರಿ ಗಿಟಾರು, ಮೂಲೆಯ ವೀಣೆ

ಕುಶಲಕರ್ಮಿ ಕೈಯಲ್ಲೇ ಮಾಡಿದ ನಾಲ್ಕು ಸಾವಿರ ಡಾಲರಿನ ಎಲೆಕ್ಟ್ರಿಕ್ ಗಿಟಾರು ಬೇಕೆಂದು ಮಗ ಹಟ ಹಿಡಿದ. "ದುಬಾರಿ ಸ್ಟೆತಸ್ಕೋಪು ತಾನೇ ರೋಗ ಪತ್ತೆ ಹಚ್ಚುವುದಿಲ್ಲ" ಎಂದು ನಾವು ವೈದ್ಯರ ಗತ್ತಿನಲ್ಲಿ ಹೇಳಿದೆವು.

ಡಲ್ಲಾಸಿನಲ್ಲಿ ಹುಟ್ಟಿ, ಮುಂದೆ ಆಸ್ಟಿನ್ನಿನ ಕೆರೆದಂಡೆಯಲ್ಲಿ ಪ್ರತಿಮೆಯಾದ ಸ್ಟೀವಿ ರೇ ವಾನ್ ಗಿರವಿ ಅಂಗಡಿಯಲ್ಲಿ ಮೆಚ್ಚಿದ ಹಳೆಯ ಗಿಟಾರಿಗೆ 350 ಡಾಲರು. ಅಷ್ಟೂ ಕೈಯಲ್ಲಿರಲಿಲ್ಲ, ಹೆಂಡತಿ ಗೆಳೆಯರಿಂದ ಹಣ ಕೂಡಿಸಿ ಕೊಡಿಸಿದರು. ಅವರು 1990ರಲ್ಲಿ ತೀರಿಕೊಂಡರು. 2004ರ ಹರಾಜಿನಲ್ಲಿ ಅದೇ ಗಿಟಾರಿಗೆ 6,23,500 ಡಾಲರು! ಬೆಲೆ ಏರಿಸಿದ್ದು ಮರವಲ್ಲ, ಬೆರಳು.

"ಹಾಗಾದರೆ ಆ ವೀಣೆ ಯಾಕಪ್ಪಾ?" ಎಂದ ಮಗ. ಮೈಸೂರಿನಿಂದ ತಂದು ಹತ್ತು ವರ್ಷ, ಯಾರೂ ನುಡಿಸಿಲ್ಲ. ನಾವು ನಿರುತ್ತರರಾದೆವು.

ಒಳ್ಳೆಯ ಕೆಲಸಗಾರನಿಗೆ ತಕ್ಕ ಕೂಲಿ ಕೊಡುವುದು ದುಂದಲ್ಲ. ನುಡಿಸದ ವಾದ್ಯವೇ ದುಂದು. ಈಗ ಒಪ್ಪಂದವಾಗಿದೆ: ವರ್ಷವಿಡೀ ಅವನಿಗೆ ಹಳೆಯ ಗಿಟಾರು, ನಮಗೆ ವೀಣೆಯ ಪಾಠ.